ತಂಬಾಕಿನಿಂದ ಹತ್ತಿಯವರೆಗೆ: ನಮ್ಮ ಸೀಮೆಗೆ ಅಮೆರಿಕ ಬಂದ ದಾರಿ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. 1841ರಲ್ಲಿ ಈ ಸಂಸ್ಥಾನಕ್ಕೆ ಬಂದು 1853ರವರೆಗೆ ಇಲ್ಲಿನ ಆಡಳಿತದ ಮೇಲ್ವಿಚಾರಣೆ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ವಾಸವಿದ್ದ ಬಂಗಲೆ ಅದು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೈನಿಯವರ ದರ್ಗಾದ ಬಳಿ ಆದಿಲ್‌ಶಾಹಿ ಅರಸರ ಸಮಾಧಿಗಳಿವೆ. ಯಾದಗಿರಿಯಲ್ಲಿ ಕೋಟೆಯಿದೆ. ಈ ನೆಲಕ್ಕೆ ಬಂದವರೆಲ್ಲ ಕಲ್ಲಿನಲ್ಲಿ ತಮ್ಮ ಗುರುತು ಬಿಟ್ಟು ಹೋಗಿದ್ದಾರೆ. ಅಮೆರಿಕದ ಸೈನಿಕನೊಬ್ಬನೂ ನಮ್ಮ ಭೀಮಾ ತೀರದಲ್ಲಿ ಕುದುರೆ ಕಟ್ಟಲಿಲ್ಲ, ಅಮೆರಿಕದ ಅಧಿಕಾರಿಯೊಬ್ಬನೂ ಇಲ್ಲಿ ಕಂದಾಯ ಎತ್ತಲಿಲ್ಲ. ಹೀಗಿದ್ದರೂ ಇಂದು ನಮ್ಮ ಹೊಲ, ಅಡುಗೆಮನೆ, ಉಡುಪು ಮತ್ತು ಮಕ್ಕಳ ಬಿಡುವಿನ ಸಮಯ ಇವುಗಳ ಮೇಲೆ ಇಂಗ್ಲಿಷರಿಗಿಂತಲೂ ಹೆಚ್ಚಿನ ಮುದ್ರೆ ಒತ್ತಿದವರು ಯಾರೆಂದು ಕೇಳಿದರೆ ಅಮೆರಿಕದ ಹೆಸರನ್ನೇ ಹೇಳಬೇಕಾಗುತ್ತದೆ.

‘ಅಮೆರಿಕನ್ ಸಂಸ್ಕೃತಿ’ ಎಂಬ ಮಾತನ್ನು ಜುಮಾದ ಪ್ರವಚನಗಳಲ್ಲಿ, ಮದುವೆಯ ಸಭೆಗಳಲ್ಲಿ, ಹಿರಿಯರ ಮಾತುಕತೆಯಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ಜೀನ್ಸ್ ಪ್ಯಾಂಟು, ಕೇಕು ಕತ್ತರಿಸುವ ಹುಟ್ಟುಹಬ್ಬ, ಸಿನಿಮಾ, ಮೊಬೈಲು ಎಂಬಲ್ಲಿಗೆ ಆ ಪಟ್ಟಿ ಮುಗಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಪಟ್ಟಿ ನಾನೂರು ವರ್ಷ ತಡವಾಗಿ ಆರಂಭವಾಗುತ್ತದೆ. ಅದರಲ್ಲಿ ಇರಲೇಬೇಕಾದ ಮುಖ್ಯ ವಸ್ತುಗಳೇ ಬಿಟ್ಟುಹೋಗಿವೆ.

ಅಮೆರಿಕದ ನೆಲದಿಂದ ನಮ್ಮ ಸೀಮೆಗೆ ಬಂದ ಮೊದಲ ಸರಕುಗಳಲ್ಲಿ ತಂಬಾಕು ಒಂದು. 1604ರ ಸುಮಾರಿಗೆ ಅಕ್ಬರ್ ಬಾದಶಹನ ರಾಯಭಾರಿಯಾಗಿ ಅಸದ್ ಬೇಗ್ ಎಂಬವನು ವಿಜಾಪುರಕ್ಕೆ ಬಂದಿದ್ದ. ಆಗ ಅಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಹಾ ಆಳುತ್ತಿದ್ದ. ಪೋರ್ತುಗೀಜರ ಹಡಗುಗಳು ಗೋವೆಗೆ ತಂದಿದ್ದ ಈ ಎಲೆ ವಿಜಾಪುರದ ಪೇಟೆಯನ್ನು ಅದಾಗಲೇ ಸೇರಿತ್ತು. ಉತ್ತರದಲ್ಲಿ ಎಂದೂ ಕಾಣದ ಈ ವಸ್ತುವನ್ನು ಅಸದ್ ಬೇಗ್ ಒಂದಿಷ್ಟು ಕೊಂಡು, ಚೆಂದದ ಕೊಳವೆಯೊಂದನ್ನು ಸಿದ್ಧಪಡಿಸಿ, ಆಗ್ರಾದಲ್ಲಿ ಬಾದಶಹನ ಮುಂದಿಟ್ಟ. ಅನಂತರ ನಡೆದ ಚರ್ಚೆಯನ್ನು ಅವನೇ ಬರೆದಿಟ್ಟಿದ್ದಾನೆ. ನಮ್ಮ ಗ್ರಂಥಗಳಲ್ಲಿ ಇದರ ಉಲ್ಲೇಖವಿಲ್ಲ, ಪರೀಕ್ಷಿಸದ ವಸ್ತುವನ್ನು ಸೇವಿಸಬಾರದು ಎಂದು ಆಸ್ಥಾನದ ಹಕೀಮರು ತಡೆದರು. ಫಿರಂಗಿಗಳೇನು ಅಷ್ಟು ಮೂರ್ಖರೇ, ಅವರಲ್ಲೂ ವೈದ್ಯರಿಲ್ಲವೇ, ಯಾವ ರೂಢಿಯೂ ಒಂದು ದಿನ ಹೊಸದಾಗಿಯೇ ಇತ್ತಲ್ಲವೇ ಎಂದು ಅಸದ್ ಬೇಗ್ ವಾದಿಸಿದ. ನಮ್ಮ ಪುಸ್ತಕಗಳಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಬೇರೆ ಜನಾಂಗದ ವಿವೇಕಿಗಳು ಒಪ್ಪಿದ್ದನ್ನು ತಳ್ಳಿಹಾಕುವುದು ಸಲ್ಲದು ಎಂಬ ಅರ್ಥದ ಮಾತನ್ನು ಅಕ್ಬರ್ ಆಡಿದನಂತೆ. ಆದರೂ ಒಂದೆರಡು ಸಲ ಎಳೆದು ಬಿಟ್ಟುಬಿಟ್ಟ. ದರಬಾರಿನ ಅಮೀರರು ಮಾತ್ರ ಬಿಡಲಿಲ್ಲ. ವ್ಯಾಪಾರಿಗಳು ಮಾರತೊಡಗಿದರು, ಚಟ ಹರಡಿತು. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದಾಗ ಕಾಲ ಮಿಂಚಿತ್ತು.

ಮುಸ್ಲಿಂ ಜಗತ್ತಿನ ಉಲಮಾಗಳು ಈ ಎಲೆಯ ಕುರಿತು ನಡೆಸಿದ ವಾದವನ್ನು ಇಂದು ಓದಿದರೆ ನಮ್ಮ ಕಾಲದ ವಾದಗಳೇ ನೆನಪಾಗುತ್ತವೆ. ಕೆಲವರು ಹರಾಮ್ ಎಂದರು, ಕೆಲವರು ಮಕ್ರೂಹ್ ಎಂದರು, ಕೆಲವರು ಮುಬಾಹ್ ಎಂದರು. ಉಸ್ಮಾನಿ ಸುಲ್ತಾನ ನಾಲ್ವಡಿ ಮುರಾದ್ 1633ರಲ್ಲಿ ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದ. ಅದೇ ಶತಮಾನದ ದಮಸ್ಕಸ್‌ನ ಮಹಾವಿದ್ವಾಂಸ ಅಬ್ದುಲ್ ಗನಿ ಅನ್ನಾಬುಲುಸಿ ಅದು ನಿಷಿದ್ಧವಲ್ಲವೆಂದು ಗ್ರಂಥವನ್ನೇ ಬರೆದರು. ಅಕ್ಬರನ ಮಾತೂ ಸರಿ, ಹಕೀಮರ ಅಳುಕೂ ಸರಿ ಎಂಬುದು ನಮ್ಮ ಭಾವನೆ. ಕೊನೆಗೆ ವೈದ್ಯಶಾಸ್ತ್ರ ತೀರ್ಪು ಕೊಟ್ಟದ್ದು ಹಕೀಮರ ಪರವಾಗಿ. ಯಾದಗಿರಿ ಬಸ್ ನಿಲ್ದಾಣದ ಗೋಡೆಗಳ ಕೆಂಪು ಕಲೆಗಳನ್ನೂ, ಮೂವತ್ತು ತುಂಬದ ನಮ್ಮ ಹುಡುಗರ ಬಾಯಿ ಪೂರ್ತಿ ತೆರೆಯದ ಸ್ಥಿತಿಯನ್ನೂ ಕಂಡವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಜೀನ್ಸ್ ಪ್ಯಾಂಟಿನ ವಿರುದ್ಧ ಗುಡುಗುವ ಮಹನೀಯರು ಕೆಲವರು ಭಾಷಣ ಮುಗಿಸಿ ಹೊರಬಂದೊಡನೆ ಅಂಗೈಯಲ್ಲಿ ತಂಬಾಕು ತಿಕ್ಕುವುದನ್ನು ನಾವು ನೋಡಿದ್ದೇವೆ. ಇವೆರಡರಲ್ಲಿ ಅಮೆರಿಕದಿಂದ ಮೊದಲು ಬಂದದ್ದು ಯಾವುದೆಂದು ಅವರಿಗೆ ತಿಳಿದಂತಿಲ್ಲ.

ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ, ಆಲೂಗಡ್ಡೆ, ಪೇರಲ, ಸೀತಾಫಲ ಇವೆಲ್ಲವೂ ಅಮೆರಿಕ ಖಂಡದವೇ. ಶೇಂಗಾ ಹಿಂಡಿಯಿಲ್ಲದೆ, ಕೆಂಪು ಖಾರವಿಲ್ಲದೆ ನಮ್ಮ ಊಟವನ್ನು ಊಹಿಸಲಾಗದು. ಇವುಗಳ ಕುರಿತು ಯಾರೂ ಫತ್ವಾ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಇವು ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಪಳಗಿಸಿದ ಬೆಳೆಗಳು. ಅವರ ನೆಲವನ್ನು ಕಸಿದುಕೊಂಡವರು ಅವರ ಬೆಳೆಗಳನ್ನು ಜಗತ್ತಿಗೆ ಮಾರಿದರು. ಇಂದು ನಾವು ‘ಅಮೆರಿಕ’ ಎಂದು ಕರೆಯುವ ರಾಷ್ಟ್ರ ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನ ಇದ್ದ ಕಾಲದ ಮಾತಿದು. ಆ ರಾಷ್ಟ್ರದ ಪ್ರಭಾವ ಕನ್ನಡ ನಾಡನ್ನು ತಾಗಿದ ಬಗೆ ಅರಿಯಬೇಕಾದರೆ ಹತ್ತಿಯ ಕಥೆಗೆ ಬರಬೇಕು. ಈ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದು ನಮ್ಮವರದೂ ಹೌದು.

ಹತ್ತಿ ನಮ್ಮ ದೇಶದ್ದೇ ಬೆಳೆ. ಇಂಗ್ಲಿಷಿನ ‘ಕಾಟನ್’ ಎಂಬ ಶಬ್ದವಾದರೋ ಅರಬಿಯ ‘ಕುತ್ನ್’ ಎಂಬುದರಿಂದ ಹೋದದ್ದು. ನಮ್ಮ ಹಳೆಯ ತಳಿಗಳ ಎಳೆ ಗಿಡ್ಡ. ಕೈನೂಲಿಗೆ ಅದು ಸಾಕಿತ್ತು, ಇಂಗ್ಲೆಂಡಿನ ಯಂತ್ರಗಳಿಗೆ ಸಾಲಲಿಲ್ಲ. ಅವಕ್ಕೆ ಉದ್ದ ಎಳೆಯ ಅಮೆರಿಕನ್ ಹತ್ತಿಯೇ ಬೇಕಾಗಿತ್ತು. 1793ರಲ್ಲಿ ಎಲಿ ವ್ಹಿಟ್ನಿ ಎಂಬವನು ಹತ್ತಿಯಿಂದ ಬೀಜ ಬೇರ್ಪಡಿಸುವ ‘ಜಿನ್’ ಯಂತ್ರವನ್ನು ರೂಪಿಸಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿಯ ತೋಟಗಳು ಹೆಚ್ಚಿದವು. ಬೀಜ ಬಿಡಿಸುವ ಕೆಲಸವನ್ನು ಯಂತ್ರ ಮಾಡುತ್ತಿತ್ತು, ಗಿಡದಿಂದ ಹತ್ತಿ ಬಿಡಿಸಲು ಕೈಗಳೇ ಬೇಕಿದ್ದವು. ಆ ಕೈಗಳು ಆಫ್ರಿಕಾದಿಂದ ಹಿಡಿದು ತಂದ ಗುಲಾಮರವು ಮತ್ತು ಅವರ ಮಕ್ಕಳವು.

ಆ ಗುಲಾಮರಲ್ಲಿ ಮುಸ್ಲಿಮರೂ ಇದ್ದರೆಂಬುದು ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿದಿರದ ಸಂಗತಿ. ಜಾರ್ಜಿಯಾ ರಾಜ್ಯದ ಸಪೆಲೊ ದ್ವೀಪದ ತೋಟವೊಂದರಲ್ಲಿ ಬಿಲಾಲಿ ಮುಹಮ್ಮದ್ ಎಂಬವರಿದ್ದರು. ಆ ದ್ವೀಪ ಉದ್ದ ಎಳೆಯ ಹತ್ತಿಗೆ ಹೆಸರಾಗಿತ್ತು. ಆಫ್ರಿಕಾದಲ್ಲಿ ಬಾಲ್ಯದಲ್ಲಿ ಕಲಿತ ಮಾಲಿಕಿ ಫಿಕ್ಹಿನ ಭಾಗಗಳನ್ನು, ವುಝೂ ಮತ್ತು ನಮಾಝಿನ ನಿಯಮಗಳನ್ನು, ಅವರು ನೆನಪಿನಿಂದ ಅರಬಿಯಲ್ಲಿ ಬರೆದಿಟ್ಟರು. ಇನ್ನೊಬ್ಬರು ಉಮರ್ ಇಬ್ನ್ ಸಯೀದ್. ಸುಮಾರು 1770ರಲ್ಲಿ ಇಂದಿನ ಸೆನೆಗಲ್ ಪ್ರದೇಶದ ಫೂತಾ ತೋರೊದಲ್ಲಿ ಹುಟ್ಟಿ, ಇಪ್ಪತ್ತೈದು ವರ್ಷಗಳ ಕಾಲ ದೀನೀ ವಿದ್ಯೆ ಕಲಿತ ಆಲಿಮ್ ಇವರು. 1807ರಲ್ಲಿ ಸೆರೆಯಾಗಿ ಹಡಗಿನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಬಂದಿಳಿದರು. ಕ್ರೂರಿಯಾದ ಯಜಮಾನನಿಂದ ತಪ್ಪಿಸಿಕೊಂಡು ಉತ್ತರ ಕೆರೊಲಿನಾಕ್ಕೆ ಓಡಿಹೋದಾಗ ಸಿಕ್ಕಿಬಿದ್ದು ಜೈಲು ಸೇರಿದರು. ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆದದ್ದನ್ನು ಕಂಡ ಜನ ಬೆರಗಾದರು. ಓವೆನ್ ಎಂಬ ಪ್ರಭಾವಿ ಮನೆತನದವರು ಅವರನ್ನು ಕೊಂಡುಕೊಂಡರು. 1831ರಲ್ಲಿ ಅವರು ಅರಬಿಯಲ್ಲಿ ತಮ್ಮ ಆತ್ಮಕಥೆ ಬರೆದರು. ಅಮೆರಿಕದಲ್ಲಿ ಗುಲಾಮನೊಬ್ಬ ಅರಬಿಯಲ್ಲಿ ಬರೆದು ಇಂದಿಗೂ ಉಳಿದಿರುವ ಆತ್ಮಕಥೆ ಅದೊಂದೇ ಎನ್ನುತ್ತಾರೆ. ಅದರ ಆರಂಭದಲ್ಲಿ ತಮ್ಮ ಮಾತಿಲ್ಲ, ನೆನಪಿನಿಂದ ಬರೆದ ಸೂರಃ ಅಲ್‌ಮುಲ್ಕ್ ಇದೆ. ಒಡೆತನ ಯಾರದೆಂದು ಸಾರುವ ಅಧ್ಯಾಯವನ್ನು ಒಬ್ಬ ಗುಲಾಮ ಆಯ್ದುಕೊಂಡದ್ದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ಕ್ರೈಸ್ತರನ್ನಾಗಿ ಮಾಡಲಾಗಿತ್ತು. ಮನಸ್ಸಿನಲ್ಲಿ ಏನಿತ್ತೆಂಬ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಅದನ್ನು ಬಲ್ಲವನು ಅಲ್ಲಾಹನು ಮಾತ್ರ.

ಅಮೆರಿಕದ ಹತ್ತಿಯನ್ನೇ ನಂಬಿ ಕೂರುವುದು ಅಪಾಯವೆಂದು ಇಂಗ್ಲೆಂಡಿಗೆ ಅನಿಸಿತು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಹತ್ತಿಯ ಬೇಸಾಯ ಬಲ್ಲ ಹತ್ತು ಮಂದಿ ಅಮೆರಿಕನ್ನರನ್ನು ಹಿಂದೂಸ್ತಾನಕ್ಕೆ ಕರೆತಂದಿತು. ಬೇರೆ ಪ್ರದೇಶಗಳಲ್ಲಿ ಬಹುಮಟ್ಟಿಗೆ ಸೋತ ಆ ಪ್ರಯೋಗ ಧಾರವಾಡದ ಎರೆ ಭೂಮಿಯಲ್ಲಿ ನಿಂತಿತು. ನ್ಯೂ ಓರ್ಲಿಯನ್ಸ್‌ನ ಬೀಜ ಅಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಬೇರೂರಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಮುಂಬಯಿಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದಾಗ ಅಷ್ಟೇ ವೇಗದಲ್ಲಿ ಕುಸಿಯಿತು. ದೂರದ ನಾಡಿನ ಜಗಳಕ್ಕೆ ಇಲ್ಲಿನ ರೈತ ಹಿಗ್ಗಿ, ಇಲ್ಲಿನ ರೈತ ಕುಗ್ಗಿದ ಅನುಭವ ನಮ್ಮ ನಾಡಿಗೆ ಆಗ ಆಯಿತು. ಆ ವೇಳೆಗೆ ಸುರಪುರ ತನ್ನ ಅರಸನನ್ನು ಕಳೆದುಕೊಂಡಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಮಡಿದ ಬಳಿಕ ಸಂಸ್ಥಾನವನ್ನು ಬ್ರಿಟಿಷರು ನಿಜಾಮರಿಗೆ ಒಪ್ಪಿಸಿದ್ದರು. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸಿದ ರೈಲು ಮಾರ್ಗ ಯಾದಗಿರಿಯ ಮೂಲಕವೇ ಹಾದುಹೋಯಿತು. ಅಲ್ಲಿಂದ ಮುಂದೆ ಈ ಸೀಮೆಯ ಬೆಳೆಯ ಬೆಲೆಯನ್ನು ಸಂತೆಯಲ್ಲಿ ಕೂತವರು ನಿರ್ಧರಿಸುವ ಕಾಲ ಹೋಯಿತೆನ್ನಬಹುದು.

ಜಿನ್ ಯಂತ್ರ ಬಂದಾಗ ಪೆಟ್ಟು ತಿಂದವರಲ್ಲಿ ನಮ್ಮ ಪಿಂಜಾರ ಬಂಧುಗಳೂ ಇದ್ದಾರೆ. ನದಾಫ್ ಎಂಬ ಅವರ ಹೆಸರು ಅರಬಿ ಮೂಲದ್ದು. ‘ನದ್ದಾಫ್’ ಎಂದರೆ ಹತ್ತಿ ಹಿಂಜುವವನು. ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ, ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ಜನ. ಜಾತಿ ಮತ ಬೇಧವಿಲ್ಲದೆ ಎಲ್ಲರ ಮನೆಯ ಮದುವೆಯ ಗಾದಿಯೂ ಅವರ ಕೈಯಲ್ಲೇ ಆಗಬೇಕಿತ್ತು. ಬಿಲ್ಲಿನ ತಂತಿಯ ಟಂಕಾರ ಓಣಿಯ ತುದಿಯಲ್ಲಿ ಕೇಳಿದರೆ ಹೆಂಗಸರು ಹಳೆಯ ಗಾದಿ ಹೊರಗೆ ತರುತ್ತಿದ್ದರು. ಮೊದಲು ಜಿನ್ನಿಂಗ್ ಮಿಲ್ಲು, ಆಮೇಲೆ ಫೋಮಿನ ಗಾದಿ ಬಂತು. ಇಂದು ಬಿಲ್ಲು ಹಿಡಿಯಬಲ್ಲವರು ಬೆರಳೆಣಿಕೆಯಷ್ಟು. ಒಂದು ಸಂಸ್ಕೃತಿಯ ಪ್ರಭಾವದಿಂದ ಇನ್ನೊಂದು ಅಳಿಯುವುದೆಂದರೆ ಹೀಗೆ. ಯಾವ ಸಿನಿಮಾವೂ ಈ ಕೆಲಸ ಮಾಡಲಿಲ್ಲ, ಯಾವ ಭಾಷಣವೂ ಇದನ್ನು ತಡೆಯಲಿಲ್ಲ.

ಧಾರವಾಡದ ಆ ಅಮೆರಿಕನ್ ಬೀಜದ ಸಂತತಿ ಮುಂದೆ ನಮ್ಮದೇ ಆಯಿತೆಂಬುದನ್ನೂ ಹೇಳಬೇಕು. ಅದರಿಂದ ಆಯ್ದ ‘ಗದಗ 1’ ತಳಿಯಿಂದ ‘ಲಕ್ಷ್ಮಿ’ ಹುಟ್ಟಿತು. 1972ರಲ್ಲಿ ಧಾರವಾಡದ ವಿಜ್ಞಾನಿ ಬಿ.ಎಚ್. ಕತರಕಿಯವರು ಆ ಲಕ್ಷ್ಮಿಯನ್ನೇ ಒಂದು ತಾಯಿಬೇರಾಗಿಸಿಕೊಂಡು ‘ವರಲಕ್ಷ್ಮಿ’ ಸಂಕರಣ ತಳಿಯನ್ನು ಕೊಟ್ಟರು. ಅದು ದೇಶದುದ್ದಕ್ಕೂ ಹೆಸರು ಮಾಡಿತು. ಹೊರಗಿನದನ್ನು ತಂದು, ಸುಮಾರು ನೂರಮೂವತ್ತು ವರ್ಷ ನಮ್ಮ ನೆಲದಲ್ಲಿ ಪಳಗಿಸಿ, ನಮ್ಮ ಬುದ್ಧಿಯಿಂದ ಹೊಸದನ್ನು ಮಾಡಿದ ಉದಾಹರಣೆಯಿದು. ಇದಕ್ಕೆ ಅನುಕರಣೆ ಎನ್ನಲಾಗದು.

2002ರಲ್ಲಿ ಬಂದ ಬಿಟಿ ಹತ್ತಿಯ ದಾರಿ ಬೇರೆ. ಅಮೆರಿಕದ ಮಾನ್ಸಾಂಟೊ ಕಂಪನಿ ಮಣ್ಣಿನ ಸೂಕ್ಷ್ಮಜೀವಿಯೊಂದರ ವಂಶವಾಹಿಯನ್ನು ಹತ್ತಿಯಲ್ಲಿ ಸೇರಿಸಿ, ಕಾಯಿಕೊರಕ ಹುಳು ಸಾಯುವಂತೆ ಮಾಡಿದ ತಂತ್ರವದು. ಆ ಹೊತ್ತಿಗೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದಿತ್ತು. ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದವರು ಭತ್ತಕ್ಕೂ ಹತ್ತಿಗೂ ತಿರುಗಿದರು. ಮೊದಲ ವರ್ಷಗಳಲ್ಲಿ ಔಷಧ ಹೊಡೆಯುವ ಖರ್ಚು ಇಳಿದದ್ದು, ಇಳುವರಿ ಏರಿದ್ದು ನಿಜ. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕು. 450 ಗ್ರಾಂ ಪೊಟ್ಟಣಕ್ಕೆ ಆರಂಭದಲ್ಲಿ 1,600 ರೂಪಾಯಿಗೂ ಹೆಚ್ಚಿನ ಬೆಲೆಯಿತ್ತು. ಸರಕಾರಗಳು ಕೈಹಾಕಿದ ಮೇಲೆ ಇಳಿದು, 2016ರಲ್ಲಿ ಎರಡನೆಯ ಪೀಳಿಗೆಯ ಬೀಜಕ್ಕೆ 800 ರೂಪಾಯಿ ನಿಗದಿಯಾಯಿತು. ಹುಳುಗಳೂ ಸುಮ್ಮನಿರಲಿಲ್ಲ. ಗುಲಾಬಿ ಕಾಯಿಕೊರಕ ಆ ವಿಷವನ್ನು ಜೀರ್ಣಿಸಿಕೊಂಡು ಮರಳಿ ಬಂತು, ಔಷಧದ ಖರ್ಚೂ ಮರಳಿತು. ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಈ ಬೀಜವೇ ಇರುವಾಗ ರೈತನಿಗೆ ಹಿಂದಿರುಗುವ ದಾರಿಯೂ ಉಳಿದಿಲ್ಲ.

ನಮ್ಮ ಮುಸ್ಲಿಂ ಕುಟುಂಬಗಳು ಗಮನಿಸಬೇಕಾದ ವಿಷಯ ಇಲ್ಲಿದೆ. ಬೀಜ, ಗೊಬ್ಬರ, ಔಷಧ ಮೂರನ್ನೂ ಉದ್ರಿ ತಂದು, ಬೆಳೆ ಬಂದ ಮೇಲೆ ಅದೇ ಅಂಗಡಿಯವನಿಗೆ ಅವನು ಹೇಳಿದ ಬೆಲೆಗೆ ಹತ್ತಿ ಕೊಟ್ಟು, ಮೇಲೆ ಬಡ್ಡಿಯನ್ನೂ ತೆರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಬಡ್ಡಿಯ ಕುರಿತು ಪವಿತ್ರ ಕುರ್‌ಆನ್ ಎಷ್ಟು ಕಠೋರವಾಗಿ ಎಚ್ಚರಿಸಿದೆಯೆಂದು ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತು. ಹಾಗಿದ್ದೂ ಮಗಳ ತಲೆಯ ಮೇಲಿನ ದುಪಟ್ಟಾ ಜಾರಿದರೆ ಮನೆಯಲ್ಲಿ ಆಗುವಷ್ಟು ಚರ್ಚೆ ತಂದೆಯ ಬಡ್ಡಿ ಸಾಲದ ಕುರಿತು ಆಗುವುದಿಲ್ಲ. ಸಾಲ ಮಾಡಿ ಖರೀದಿಸುವುದೇ ಜೀವನಕ್ರಮವಾಗಿಬಿಡುವುದು ಅಮೆರಿಕದ ದಿನಚರಿಯ ಅತ್ಯಂತ ಆಳವಾದ ಗುಣ. ಅದು ನಮ್ಮೊಳಗೆ ಹೊಕ್ಕದ್ದು ಹತ್ತಿಯ ಪೊಟ್ಟಣದ ಜೊತೆ, ಈಗ ಕಂತಿನ ಮೊಬೈಲು ಮತ್ತು ಬೈಕಿನ ಜೊತೆ.

ಇನ್ನೊಂದು ನಷ್ಟವನ್ನು ಮದರಸದ ಅಧ್ಯಾಪಕರಾದ ನಾವು ಪ್ರತಿ ವರ್ಷ ಕಣ್ಣಾರೆ ಕಾಣುತ್ತೇವೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆಯ ಬೆಂಚುಗಳೂ ಮದರಸದ ಚಾಪೆಗಳೂ ಖಾಲಿಯಾಗುತ್ತವೆ. ಬೆಳಗಿನ ಜಾವ ಟಂಟಂಗಳಲ್ಲಿ ಕುರಿಗಳಂತೆ ತುಂಬಿಕೊಂಡು ಹೋಗುವ ಹೆಂಗಸರ ನಡುವೆ ಐದನೆಯ, ಆರನೆಯ ತರಗತಿಯ ಹೆಣ್ಣುಮಕ್ಕಳು ಕುಳಿತಿರುತ್ತಾರೆ. ಗಿಡ ಗಿಡ್ಡ, ಮಕ್ಕಳ ಎತ್ತರಕ್ಕೆ ಸರಿಯಾಗುತ್ತದೆ ಎಂಬ ಸಮರ್ಥನೆಯನ್ನೂ ಕೇಳಿದ್ದೇವೆ. ಗುಲಾಮಗಿರಿ ರದ್ದಾದ ಮೇಲೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿಯ ಸುಗ್ಗಿಗಾಗಿ ಕಪ್ಪು ಜನರ ಮಕ್ಕಳ ಶಾಲೆಗಳನ್ನು ಮುಚ್ಚುವ ರೂಢಿ ಬಹುಕಾಲ ಉಳಿದಿತ್ತು. ಅಲ್ಲಿಂದ ಬೀಜ ಮಾತ್ರ ಬಂದಿತೆಂದು ತಿಳಿದಿದ್ದೆವು, ರೂಢಿಯೂ ಬಂದಂತಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರಷ್ಟು, ಇಡೀ ರಾಜ್ಯದಲ್ಲೇ ಅತಿ ಕಡಿಮೆ.

ಅನ್ನದ ವಿಷಯಕ್ಕೆ ಬರೋಣ. ಬಿಳಿಜೋಳದ ರೊಟ್ಟಿ ನಮ್ಮ ಹೆಮ್ಮೆ. ಜೋಳದ ಮೂಲ ಆಫ್ರಿಕಾ. ಅಲ್ಲಿಂದ ಒಂದು ದಾರಿಯಲ್ಲಿ ನಮಗೂ, ಇನ್ನೊಂದು ದಾರಿಯಲ್ಲಿ ಅಮೆರಿಕಕ್ಕೂ ಅದು ಹೋಯಿತು. 1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರೀಡ್ ಜೋಳ ಸಿಎಸ್‌ಎಚ್ 1 ಬಂದಾಗ ಅದರ ತಾಯಿತಳಿ ಅಮೆರಿಕದ ‘ಕಂಬೈನ್ ಕಾಫಿರ್ 60’ ಆಗಿತ್ತು. ಅರಬ್ ವ್ಯಾಪಾರಿಗಳು ಆಫ್ರಿಕಾದ ಜನರನ್ನು ‘ಕಾಫಿರ್’ ಎಂದು ಕರೆದದ್ದನ್ನು ಯುರೋಪಿಯನ್ನರು ಎತ್ತಿಕೊಂಡು, ಅವರು ಬೆಳೆಯುವ ಜೋಳಕ್ಕೂ ಅದೇ ಹೆಸರಿಟ್ಟಿದ್ದರು. ಹೀಗೆ ಕಾಫಿರ್ ಜೋಳದ ರೊಟ್ಟಿ ತಿಂದು ನಾವೆಲ್ಲ ನಮಾಝಿಗೆ ಹೋಗಿದ್ದೇವೆ! ಇಳುವರಿ ಬಹಳ, ರುಚಿ ಮಾತ್ರ ಮಾಲದಂಡಿ ಜೋಳದ ಹತ್ತಿರಕ್ಕೂ ಬರಲಿಲ್ಲವೆಂದು ಹಳಬರು ಇಂದಿಗೂ ಗೊಣಗುತ್ತಾರೆ.

ಅದೇ ದಶಕದಲ್ಲಿ ಅಮೆರಿಕದ ಗೋಧಿ ಬಂತು. 1954ರ ‘ಪಿಎಲ್ 480’ ಎಂಬ ಕಾಯ್ದೆಯಡಿ 1956ರಿಂದ ನಮ್ಮ ದೇಶಕ್ಕೆ ಧಾನ್ಯ ಬರತೊಡಗಿತ್ತು. 1965-66ರ ಬರಗಾಲದಲ್ಲಿ ಹಡಗುಗಳಿಂದ ಇಳಿದ ಧಾನ್ಯ ನೇರವಾಗಿ ಬಾಯಿಗೆ ಎಂಬ ಸ್ಥಿತಿಯಿತ್ತು. 1966 ಒಂದೇ ವರ್ಷದಲ್ಲಿ ಸುಮಾರು 1 ಕೋಟಿ ಟನ್ ಧಾನ್ಯವನ್ನು ದೇಶ ಹೊರಗಿನಿಂದ ತರಿಸಿಕೊಂಡಿತು. ಅದರಲ್ಲಿ ಬಹುಪಾಲು ಅಮೆರಿಕದ್ದು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದಕ್ಕೆ ಮುನಿದ ಅಧ್ಯಕ್ಷ ಜಾನ್ಸನ್ ತಿಂಗಳು ತಿಂಗಳು ಕೈಬಿಗಿ ಹಿಡಿದು ಹಡಗು ಬಿಡುತ್ತಿದ್ದ. ಶಾಲೆಗಳಲ್ಲಿ ಅಮೆರಿಕದ ‘ಕೇರ್’ ಸಂಸ್ಥೆಯ ಹಾಲಿನ ಪುಡಿ, ಹಳದಿ ಉಪ್ಪಿಟ್ಟು. ಈಗ ಅರವತ್ತು ದಾಟಿದವರನ್ನು ಕೇಳಿದರೆ ಆ ಉಪ್ಪಿಟ್ಟಿನ ವಾಸನೆಯನ್ನು ವರ್ಣಿಸುತ್ತಾರೆ. ಹಸಿದ ಮಗುವಿಗೆ ಉಣಿಸಿದವರ ಋಣವನ್ನು ನಾವು ನೆನೆಯಬೇಕು. ಹಾಗೆಯೇ ಮೆಥೋಡಿಸ್ಟ್ ಮಿಷನ್ನಿನ ಅಮೆರಿಕನ್ ವೈದ್ಯರು, ದಾದಿಯರು ನಿಜಾಮರ ಕಾಲದಲ್ಲಿ ಬೀದರ ಮುಂತಾದೆಡೆ ಆಸ್ಪತ್ರೆ ನಡೆಸಿದ್ದನ್ನೂ ನೆನೆಯಬೇಕು. ಗೋಧಿಯ ಜೊತೆ ಪಾರ್ಥೇನಿಯಂ ಕಳೆಯ ಬೀಜವೂ ಬಂತೆಂದು ಹೇಳುತ್ತಾರೆ. ನಮ್ಮ ಹೊಲದ ಬದುಗಳಲ್ಲಿ, ಖಬರಸ್ತಾನಗಳಲ್ಲಿ ಬಿಳಿ ಹೂ ಬಿಟ್ಟು ನಿಂತಿರುವ ಅದನ್ನು ಎಷ್ಟು ಕಿತ್ತರೂ ಮತ್ತೆ ಬರುತ್ತದೆ.

ಇನ್ನು ಪ್ರವಚನಗಳ ಪಟ್ಟಿಯಲ್ಲಿರುವ ವಸ್ತುಗಳು. ಅಟ್ಲಾಂಟಾದ ಔಷಧ ವ್ಯಾಪಾರಿಯೊಬ್ಬ 1886ರಲ್ಲಿ ತಯಾರಿಸಿದ ಕೋಕಾ ಕೋಲಾ 1977ರಲ್ಲಿ ನಮ್ಮ ಸರಕಾರದ ಷರತ್ತಿಗೆ ಒಪ್ಪದೆ ದೇಶ ಬಿಟ್ಟಿತು, 1993ರಲ್ಲಿ ಮರಳಿತು. 1995ರಲ್ಲಿ ಬೆಂಗಳೂರಿನಲ್ಲಿ ಕೆಎಫ್‌ಸಿ ಬಾಗಿಲು ತೆರೆಯಿತು. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅದರ ಮೇಲೆ ದಾಳಿ ಮಾಡಿದರು. ಕುರ್ಚಿ ಮೇಜು ಮುರಿಯಿತು, ಅಂಗಡಿ ಉಳಿಯಿತು. ಈಗ ನಮ್ಮ ಸಣ್ಣ ಪಟ್ಟಣಗಳಲ್ಲೂ ಕೆಂಪು ಬಿಳಿ ಬಣ್ಣದ ಫ್ರೈಡ್ ಚಿಕನ್ ಅಂಗಡಿಗಳಿವೆ, ಬಾಗಿಲ ಮೇಲೆ ‘ಹಲಾಲ್’ ಎಂಬ ಫಲಕವಿದೆ. ಇಫ್ತಾರಿನ ದಸ್ತರ್‌ಖಾನಿನ ಮೇಲೆ ರೂಹ್ ಅಫ್ಜಾದ ಜಾಗದಲ್ಲಿ ಕೋಲಾದ ಬಾಟಲಿ ಬಂದು, ಗಾಝಾದ ಮೇಲಿನ ದಾಳಿಯ ಬಳಿಕ ಹಲವು ಮನೆಗಳಲ್ಲಿ ಮತ್ತೆ ಹೊರಗೆ ಹೋಯಿತು. ಬಹಿಷ್ಕಾರದ ಕರೆ ಹರಡಿದ್ದು ಅಮೆರಿಕದ ಕಂಪನಿಯ ವಾಟ್ಸ್‌ಆ್ಯಪಿನಲ್ಲೇ ಎಂಬುದನ್ನು ಕೆಲವರು ಹಾಸ್ಯ ಮಾಡುತ್ತಾರೆ. ಹಾಸ್ಯವಿರಲಿ, ಬಾಟಲಿ ಹೊರಗಿಟ್ಟ ಮನೆಯವರ ಭಾವನೆ ಪ್ರಾಮಾಣಿಕವೆಂದು ನಾವು ಬಲ್ಲೆವು.

ಜೀನ್ಸಿನ ಕಥೆ ಇನ್ನೂ ಸರಳ. 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ ಸೇರಿ, ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಂತೆ ತಾಮ್ರದ ಗುಂಡಿ ಬಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ದುಡಿಯುವವನ ಉಡುಪು ಅದು. ಪ್ರವಾದಿ(ಸ)ರವರು ತಬೂಕ್ ಯಾತ್ರೆಯಲ್ಲಿ ಶಾಮಿನ ಜುಬ್ಬಾ ಧರಿಸಿದ್ದರೆಂದು ಮುಗೀರಃ ಬಿನ್ ಶುಅಬಃ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಅದರ ತೋಳು ಎಷ್ಟು ಇಕ್ಕಟ್ಟಾಗಿತ್ತೆಂದರೆ ವುಝೂ ಮಾಡಲು ತೋಳನ್ನು ಮೇಲೇರಿಸಲಾಗದೆ ಕೈಯನ್ನು ಒಳಗಿನಿಂದ ಹೊರತೆಗೆಯಬೇಕಾಯಿತು. ಶಾಮ್ ಅಂದು ರೋಮನ್ನರ ಆಳ್ವಿಕೆಯಲ್ಲಿತ್ತು, ಮುಸ್ಲಿಮರು ಹೊರಟಿದ್ದೂ ರೋಮನ್ನರನ್ನು ಎದುರಿಸಲೆಂದೇ. ಮದೀನಾದ ಕಂದಕವನ್ನು ತೋಡಿಸಿದ್ದು ಸಲ್ಮಾನ್(ರ)ರವರು ಪರ್ಶಿಯಾದಿಂದ ತಂದ ಯುದ್ಧವಿದ್ಯೆ. ಮುದ್ರೆಯಿಲ್ಲದ ಪತ್ರವನ್ನು ಅರಸರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ(ಸ)ರವರು ಬೆಳ್ಳಿಯ ಮುದ್ರೆಯುಂಗುರ ಮಾಡಿಸಿದರು. ಉಮರ್(ರ) ಖಜಾನೆಯ ಲೆಕ್ಕಕ್ಕೆ ಪರ್ಶಿಯನ್ನರ ದಿವಾನ್ ಪದ್ಧತಿಯನ್ನು ಸ್ವೀಕರಿಸಿದರು. ಅನ್ಯರ ಅನುಕರಣೆಯನ್ನು ತಡೆಯುವ ಹದೀಸನ್ನು ಉಲಮಾಗಳು ಅವರ ಧಾರ್ಮಿಕ ಆಚಾರ ಮತ್ತು ಗುರುತುಗಳಿಗೆ ಅನ್ವಯಿಸಿದ್ದಾರೆ. ಎಲ್ಲರ ಬಳಕೆಯಲ್ಲಿರುವ ವಸ್ತುವಿಗೆ ಮರ್ಯಾದೆ, ದುಂದುವೆಚ್ಚ, ಹಾನಿ ಎಂಬ ಬೇರೆ ಅಳತೆಗೋಲುಗಳಿವೆ. ಆ ಅಳತೆಗೋಲು ಹಿಡಿದರೆ ಇನ್ನೂರು ರೂಪಾಯಿಯ ಜೀನ್ಸಿಗಿಂತ, ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ನಿಲ್ಲಿಸಿ ಲಕ್ಷ ರೂಪಾಯಿ ಸುರಿಯುವ ಫೋಟೋಶೂಟಿನ ಕುರಿತು ಮೊದಲು ಮಾತಾಡಬೇಕಾಗುತ್ತದೆ.

ನಮ್ಮ ಕಡೆಯಿಂದ ಅಮೆರಿಕಕ್ಕೂ ಒಂದಿಷ್ಟು ಹೋಗಿದೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಶಿಕ್ಷಕರಾಗಿದ್ದ ಮರ್ಮಡ್ಯೂಕ್ ಪಿಕ್ತಾಲ್ ಎಂಬ ಇಂಗ್ಲಿಷ್ ಮುಸ್ಲಿಮರಿಗೆ ನಿಜಾಮರು ಪೂರ್ಣ ಸಂಬಳದ ಎರಡು ವರ್ಷಗಳ ರಜೆ ಕೊಟ್ಟರು. ಆ ಅವಧಿಯಲ್ಲಿ ಸಿದ್ಧವಾದ ಕುರ್‌ಆನಿನ ಇಂಗ್ಲಿಷ್ ಅನುವಾದವನ್ನು 1930ರಲ್ಲಿ ನ್ಯೂಯಾರ್ಕಿನ ನಾಫ್ ಪ್ರಕಾಶನ ಹೊರತಂದಿತು. ನಮ್ಮ ಪೂರ್ವಿಕರು ತೆತ್ತ ಕಂದಾಯದ ಒಂದೆರಡು ಆಣೆ ಆ ಪುಸ್ತಕದಲ್ಲಿ ಸೇರಿರಬಹುದೆಂದು ನೆನೆದರೆ ಸಂತೋಷವಾಗುತ್ತದೆ.

ಉಮರ್ ಇಬ್ನ್ ಸಯೀದರ ಹಸ್ತಪ್ರತಿ ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 2019ರಿಂದ ಅದರ ಪುಟಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಉಚಿತವಾಗಿ ನೋಡಬಹುದು. ನಮ್ಮ ಮದರಸದ ದೊಡ್ಡ ತರಗತಿಯ ಮಕ್ಕಳಿಗೆ ಮೊದಲ ಪುಟ ತೋರಿಸಿದೆವು. ಪಶ್ಚಿಮ ಆಫ್ರಿಕಾದ ಬರವಣಿಗೆ. ‘ಫೇ’ ಅಕ್ಷರದ ಚುಕ್ಕಿ ಕೆಳಗಿದೆ, ‘ಖಾಫ್’ಗೆ ಮೇಲೆ ಒಂದೇ ಚುಕ್ಕಿ. ಮಕ್ಕಳು ಮೊದಲು ತಡವರಿಸಿದರು, ತಪ್ಪು ಬರೆದಿದ್ದಾರೆಂದು ವಾದಿಸಿದರು. ಆಮೇಲೆ ಹತ್ತಿ ಬಿಡಿಸುವ ಕೆಲಸದಿಂದ ಹದಿನೈದು ದಿನಗಳ ಬಳಿಕ ಅಂದೇ ಮರಳಿದ್ದ ಹುಡುಗಿಯೊಬ್ಬಳು, ಬಾಯಿಪಾಠವಿದ್ದ ಸೂರಃವನ್ನು ಪರದೆಯ ಮೇಲಿನ ಸಾಲುಗಳಿಗೆ ಬೆರಳಿಟ್ಟು ಹೊಂದಿಸುತ್ತ, ಒಂದೊಂದೇ ಪದವಾಗಿ ಓದತೊಡಗಿದಳು.